ವೀಸಾ ಬೇಡ ಅಂದ್ರೆ ಏನೂ ಬೇಡ ಅಂತಲ್ಲ

ಬೆಳಗಿನ ಜಾವ ಮೂರೂವರೆ. ದೇವನಹಳ್ಳಿ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನ ಹುಡುಗಿ ನಮ್ಮವ್ವನ ಪಾಸ್‌ಪೋರ್ಟನ್ನೂ ನನ್ನ ಮೊಬೈಲನ್ನೂ ಎರಡೆರಡು ಸಲ ನೋಡಿದಳು.

"ಮೇಡಂ, ಪಾಸ್‌ಪೋರ್ಟಲ್ಲಿ ಒಂದು ಹೆಸರಿದೆ, ಈ ಕಾರ್ಡಲ್ಲಿ ಇನ್ನೊಂದು ಥರ ಇದೆಯಲ್ಲ?"

ಅವ್ವ ವಿಮಾನ ಹತ್ತೋಕೆ ಬಂದಿದ್ದು ಅದೇ ಮೊದಲು. ಚನ್ನಪಟ್ಟಣ ತಾಲ್ಲೂಕಿನ ನಮ್ಮೂರಿನಿಂದ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ವರ್ಷಗಟ್ಟಲೆ ರೇಷ್ಮೆ ಗೂಡು ಹೊತ್ತವಳು. ಎರಡು ಬೆಳೆ ಚೆನ್ನಾಗಿ ಬಂದಿತ್ತು, ನನ್ನ ಸಂಬಳದಲ್ಲೂ ಒಂದಿಷ್ಟು ಉಳಿದಿತ್ತು. 2025ರ ನವೆಂಬರಿನಲ್ಲಿ ಐದು ದಿನ ಬ್ಯಾಂಕಾಕ್ ನೋಡ್ಕೊಂಡು ಬರೋಣ ಅಂತ ಹೊರಟಿದ್ದೆವು. ಹುಡುಗಿಯ ಮಾತು ಕೇಳಿ ಅವ್ವ ಟ್ರಾಲಿ ಹಿಡ್ಕೊಂಡು ಪಕ್ಕಕ್ಕೆ ಸರಿದು ನಿಂತಳು. "ನನ್ನಿಂದ್ಲೇ ಆಯ್ತಲ್ಲವ್ವ" ಅಂದಳು ಮೆಲ್ಲಗೆ. ಅವಳಿಂದ ಆಗಿದ್ದಲ್ಲ, ನನ್ನಿಂದ.

ಆಫೀಸಿನಲ್ಲಿ ಎಲ್ಲರೂ ಹೇಳಿದ್ದು ಒಂದೇ: "ಥಾಯ್ಲೆಂಡಿಗೆ ವೀಸಾನೇ ಬೇಡ ಕಣೇ, ಟಿಕೆಟ್ ಬುಕ್ ಮಾಡಿ ಹೊರಡು." ಅರ್ಧ ಸತ್ಯ. ಭಾರತೀಯರಿಗೆ 2023ರ ನವೆಂಬರಿನಲ್ಲಿ ಅಲ್ಲಿ ವೀಸಾ ವಿನಾಯಿತಿ ಶುರುವಾಯ್ತು, 2024ರ ಜುಲೈ 15ರಿಂದ 60 ದಿನದವರೆಗೆ ಇರಬಹುದು ಅಂತಾಯ್ತು. ಆದರೆ 2025ರ ಮೇ 1ರಿಂದ ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡ್, ಅಂದರೆ ಟಿಡಿಎಸಿ, ಕಡ್ಡಾಯ. ಮೊದಲು ವಿಮಾನದಲ್ಲಿ ಪೆನ್ನು ಸಾಲ ಕೇಳಿ ತುಂಬುತ್ತಿದ್ದ ಕಾಗದದ ಚೀಟಿ ಈಗ ಮನೆಯಲ್ಲೇ, ಅಲ್ಲಿಗೆ ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬುವ ಅರ್ಜಿಯಾಗಿದೆ. ಪಾಸ್‌ಪೋರ್ಟ್ ನಂಬರು, ವಿಮಾನದ ನಂಬರು, ಉಳಿಯುವ ಹೋಟೆಲಿನ ವಿಳಾಸ, ಇತ್ತೀಚೆಗೆ ಯಾವ ದೇಶಕ್ಕೆಲ್ಲ ಹೋಗಿದ್ದಿರಿ ಅನ್ನೋದು. ತುಂಬಿ ಕಳಿಸಿದರೆ ಇಮೇಲಿಗೆ ಕ್ಯೂಆರ್ ಕೋಡ್ ಬರುತ್ತೆ. ಇದು ವೀಸಾ ಅಲ್ಲ. ಒಂದು ಪೈಸೆ ಶುಲ್ಕವೂ ಇಲ್ಲ.

ನಾನು ಕೊಟ್ಟಿದ್ದು ನಾಲ್ಕು ಸಾವಿರ ಚಿಲ್ಲರೆ.

ಗೂಗಲಲ್ಲಿ ಮೊದಲು ಕಂಡ ಲಿಂಕ್ ಒತ್ತಿದ್ದೆ. ಬಾವುಟ, ಲಾಂಛನ ಎಲ್ಲ ಇತ್ತು. ಇಬ್ಬರಿಗೂ 'ಸೇವಾ ಶುಲ್ಕ' ಕಟ್ಟಿಸಿಕೊಂಡಿತು. ಅದರಲ್ಲಿ ಸರ್‌ನೇಮ್ ಖಾನೆ ಖಾಲಿ ಬಿಟ್ಟರೆ ಮುಂದಕ್ಕೇ ಹೋಗ್ತಿರಲಿಲ್ಲ. ನಮ್ಮ ಕಡೆ ಅವ್ವಂದಿರಿಗೆ ಸರ್‌ನೇಮ್ ಎಲ್ಲಿರುತ್ತೆ ಹೇಳಿ? ಪಾಸ್‌ಪೋರ್ಟಿನಲ್ಲೂ ಅವಳದು ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ರಾತ್ರಿ ಹನ್ನೊಂದಾಗಿತ್ತು, ತಲೆ ಓಡಲಿಲ್ಲ, ಅಪ್ಪನ ಹೆಸರು ಹಾಕಿಬಿಟ್ಟೆ.

ಕೌಂಟರಿನ ಹುಡುಗಿ ಒಳ್ಳೆಯವಳು. "ಪಕ್ಕದಲ್ಲಿ ನಿಂತು ಸರ್ಕಾರಿ ಸೈಟಲ್ಲೇ ಹೊಸದಾಗಿ ತುಂಬಿ, ಆಮೇಲೆ ಸಾಲಲ್ಲಿ ನಿಲ್ಲದೆ ನೇರ ಬನ್ನಿ" ಅಂದಳು. ಹೋಟೆಲು, ವಿಮಾನದ ವಿವರವಾದರೆ ಆಮೇಲೂ ತಿದ್ದಬಹುದು. ಹೆಸರು, ಪಾಸ್‌ಪೋರ್ಟ್ ನಂಬರು ತಪ್ಪಿದರೆ ಹೊಸ ಅರ್ಜಿಯೇ ಗತಿ. ಥಾಯ್ ಇಮಿಗ್ರೇಷನ್‌ನ ಅಸಲಿ ಸೈಟಿನ ವಿಳಾಸ 'ಗೋ ಡಾಟ್ ಟಿಹೆಚ್' ಅಂತ ಮುಗಿಯುತ್ತೆ. ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅದರಲ್ಲಿದ್ದ ಒಂದೇ ಹೆಸರನ್ನು ಹೊಡೆದೆ. ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷದಲ್ಲಿ ಅವ್ವ ಒಂದು ಮಾತೂ ಆಡಲಿಲ್ಲ.

ಹೊಸ ಕೋಡ್ ತೋರಿಸಿ ಬೋರ್ಡಿಂಗ್ ಪಾಸ್ ಕೈಗೆ ಬಂದ ಮೇಲೇ ಅವಳಿಗೆ ಜೀವ ಬಂದದ್ದು. "ಮಾರ್ಕೆಟ್ಟಲ್ಲೂ ಹಂಗೇ ಅಲ್ವೇನವ್ವ, ಲಾಟ್ ನಂಬರ್ ಕೊಟ್ಟ ಮೇಲೇನೇ ಗೂಡು ಸುರಿಯೋದು" ಅಂದಳು. ಮತ್ತೆ ಅವಳಿಗೆ ಇನ್ನೊಂದು ಅನುಮಾನ. ಪಾಸ್‌ಪೋರ್ಟಿನ ವಿಳಾಸದಲ್ಲಿ ರಾಮನಗರ ಜಿಲ್ಲೆ ಅಂತಿದೆ, 2025ರ ಮೇ ತಿಂಗಳಲ್ಲಿ ಸರ್ಕಾರ ಬೆಂಗಳೂರು ದಕ್ಷಿಣ ಅಂತ ಮಾಡಿತಲ್ಲ, ಅಲ್ಲಿಯೋರು ಏನಾದ್ರೂ ಅಂದರೆ? ಪಾಪ, ಅವಳ ತಪ್ಪಲ್ಲ. ಅವಳು ಹುಟ್ಟಿದಾಗ ಬೆಂಗಳೂರು ಜಿಲ್ಲೆ, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, ಈಗ ಇದು. ಊರು ಬಿಟ್ಟು ಕದಲದೆ ನಾಲ್ಕು ಜಿಲ್ಲೆ ನೋಡಿದವಳು. ಥಾಯ್ಲೆಂಡಿನವರಿಗೆ ನಮ್ಮ ಜಿಲ್ಲೆ ಯಾವುದಾದರೇನು ಅಂತ ಸಮಾಧಾನ ಮಾಡಿದೆ.

ವಾಪಸ್ ಬಂದ ಮೇಲೆ ಇದನ್ನೆಲ್ಲ ಹುಡುಕಿ ಓದಿದೆ. ಮಲೇಷ್ಯಾದ ಕಥೆಯೂ ಇದೇ. 2023ರ ಡಿಸೆಂಬರ್ 1ರಿಂದ ನಮಗೆ 30 ದಿನ ವೀಸಾ ಬೇಡ, ಆದರೆ ಎಂಡಿಎಸಿ ಅನ್ನೋ ಕಾರ್ಡನ್ನು ಮೂರು ದಿನದೊಳಗೆ ತುಂಬಿರಬೇಕು, ಅದೂ ಉಚಿತ. ನಮ್ಮ ಸರ್ಕಾರವೂ 2025ರ ಅಕ್ಟೋಬರ್ 1ರಿಂದ ಇಲ್ಲಿಗೆ ಬರುವ ವಿದೇಶಿಯರಿಗೆ ಇ-ಅರೈವಲ್ ಕಾರ್ಡ್ ತಂದಿದೆ.

ನಿಜವಾದ ಗೋಜಲು ಇರೋದು ಅಮೆರಿಕದಲ್ಲಿ ಮಕ್ಕಳು ಹುಟ್ಟಿದ ನಮ್ಮ ಮನೆಗಳಲ್ಲಿ. ಕನಕಪುರದ ಮದುವೆಗೆ ಅಂತ ನ್ಯೂಜೆರ್ಸಿಯಿಂದ ಹೊರಟು ದಾರಿಯಲ್ಲಿ ಎರಡು ದಿನ ಲಂಡನ್ ನೋಡ್ತೀವಿ ಅನ್ನೋ ಸಂಸಾರವನ್ನೇ ತಗೊಳ್ಳಿ. ಭಾರತದ ಪಾಸ್‌ಪೋರ್ಟಿರುವ ಅಪ್ಪ-ಅಮ್ಮನಿಗೆ ಬ್ರಿಟನ್ ವೀಸಾನೇ ಬೇಕು. ಅಮೆರಿಕದ ಪಾಸ್‌ಪೋರ್ಟಿರುವ ಮಗುವಿಗೆ ವೀಸಾ ಬೇಡ, ಆದರೆ 2025ರ ಜನವರಿ 8ರಿಂದ ಇಟಿಎ ಅನ್ನೋ ಮುಂಗಡ ಅನುಮತಿ ಬೇಕು, ಎಳೆಗೂಸಾದರೂ ಬಿಡಲ್ಲ. ಶುರುವಿಗೆ 10 ಪೌಂಡಿತ್ತು, ಮೂರೇ ತಿಂಗಳಿಗೆ 16 ಮಾಡಿದರು. ಮಗುವಿನ ಓಸಿಐ ಕಾರ್ಡು ಬರೋದು ಭಾರತದ ಬಾಗಿಲಲ್ಲಿ ಮಾತ್ರ, ಲಂಡನ್ನಿನಲ್ಲಿ ಅದನ್ನು ಯಾರೂ ಕೇಳಲ್ಲ. ಹೀಥ್ರೂನಲ್ಲಿ ಪಾಸ್‌ಪೋರ್ಟ್ ತಪಾಸಣೆ ದಾಟದೆ ಒಳಗೊಳಗೇ ವಿಮಾನ ಬದಲಿಸಿದರೆ ಮಗುವಿಗೆ ಇಟಿಎ ಬೇಕಿಲ್ಲ. ಬ್ಯಾಗು ಇಳಿಸಿ ಮತ್ತೆ ಹಾಕೋ ಟಿಕೆಟ್ ಆದರೆ ಬೇಕು. ಅಗ್ಗದ ಟಿಕೆಟ್ ಅಂತ ಹಿಗ್ಗೋ ಮುಂಚೆ ಇದೊಂದು ನೋಡ್ಕೊಳ್ಳಿ.

ಯುರೋಪಿನ ಇಟಿಐಎಎಸ್ ಕೂಡ ವೀಸಾ ವಿನಾಯಿತಿ ಇರೋರಿಗೇ, ಶುಲ್ಕ 20 ಯೂರೋ. ಷೆಂಗೆನ್ ವೀಸಾ ಮಾಡಿಸೋ ನಮಗೆ ಅದು ಸಂಬಂಧವಿಲ್ಲ, ಯಾರಾದರೂ 'ಮಾಡಿಸಿಕೊಡ್ತೀವಿ' ಅಂದರೆ ದುಡ್ಡು ಕೊಡಬೇಡಿ.

ಇನ್ನು ಬ್ಯಾಂಕಾಕಿನ ಗಡಿ. ಅಲ್ಲಿ ಫೋಟೋ ಜೊತೆ ಬೆರಳಚ್ಚೂ ತಗೊಳ್ತಾರೆ. ಅದನ್ನು ಕಂಡದ್ದೇ ಅವ್ವ ಬೆವೆತಳು. ಹಿಪ್ಪುನೇರಳೆ ಸೊಪ್ಪು ಕೊಯ್ದೂ ಕೊಯ್ದೂ ಅವಳ ಬೆರಳಿನ ಗೆರೆಯೇ ಸವೆದಿದೆ, ನ್ಯಾಯಬೆಲೆ ಅಂಗಡಿಯ ಮೆಷಿನ್ನು ಎಷ್ಟೋ ತಿಂಗಳು ಅವಳನ್ನು ವಾಪಸ್ ಕಳಿಸಿದೆ. ಇಲ್ಲೂ ಒಂದು ಸಲ ಒತ್ತಿದಳು, ಇಲ್ಲ. ಸೆರಗಿಗೆ ಒರೆಸಿಕೊಂಡು ಇನ್ನೊಂದು ಸಲ, ಇಲ್ಲ. ಮೂರನೇ ಸಲಕ್ಕೆ ಒಳಗಿದ್ದ ಅಧಿಕಾರಿ ತಾನೇ ಬೆರಳೊತ್ತುವ ಅಭಿನಯ ಮಾಡಿ ತೋರಿಸಿದ. ತಗೊಂಡಿತು. ಠಪ್ ಅಂತ ಮುದ್ರೆ ಬಿತ್ತು.

"ಎಷ್ಟು ದಿನ ಇರಬೌದಂತೆ?" ಅಂದಳು.

"ಅರವತ್ತು ದಿನ ಕಣವ್ವ."

"ಅಯ್ಯೋ, ಅರವತ್ತು ದಿನ ಇದ್ರೆ ಹುಳ ನೋಡೋರ್ಯಾರು? ನಾವು ವಾಪಸ್ ಹೋಗೋ ಹೊತ್ತಿಗೆ ಎರಡನೇ ಜ್ವರಕ್ಕೆ ಕೂತಿರ್ತವೆ" ಅಂತ ಹೇಳಿ, ಬ್ಯಾಗು ಬರೋ ಬೆಲ್ಟು ಯಾವ ಕಡೆ ಅಂತ ಅವಳೇ ಮುಂದೆ ನಡೆದಳು.