ಐದಂಕಿಯ ಧಾರಣೆಗೆ ಎರಡು ಎಂಬಿಯ ಪುಟ

ತಿಪಟೂರು ಮಾರುಕಟ್ಟೆಯಲ್ಲಿ ಇವತ್ತು ಕೊಬ್ಬರಿ ಏನು ರೇಟು? ಗುಬ್ಬಿ ತಾಲ್ಲೂಕಿನ ನಿಟ್ಟೂರಲ್ಲೋ ಕಡಬದಲ್ಲೋ ಅಟ್ಟದ ಮೇಲೆ ಕಾಯಿ ಹಾಕಿ ಉಂಡೆ ಕೊಬ್ಬರಿ ಮಾಡುವವರಿಗೆ ಮೊಬೈಲಿನಿಂದ ಬೇಕಾದದ್ದು ಇಷ್ಟೇ, ಕ್ವಿಂಟಲಿಗೆ ಇಷ್ಟು ಎಂಬ ಒಂದು ಸಂಖ್ಯೆ. ಈಗಲೇ ಸುಲಿಸಬೇಕೋ, ಇನ್ನೆರಡು ವಾರ ಬಿಡಬೇಕೋ ಎಂಬುದು ಅದರ ಮೇಲೆ ನಿಂತಿದೆ. ಪುಟ ತೆರೆದರೆ ಚಕ್ರ ಸುತ್ತುತ್ತದೆ. ಆಮೇಲೆ ‘ನೋಟಿಫಿಕೇಶನ್ ಬೇಕೇ’ ಎಂಬ ಪ್ರಶ್ನೆ, ಅದರ ಮೇಲೊಂದು ಕುಣಿಯುವ ವೀಡಿಯೊ. ‘ನೆಟ್ ಸ್ಲೋ ಕಣಪ್ಪ’ ಎಂದು ಟವರಿಗೆ ಬೈದು ಸುಮ್ಮನಾಗುತ್ತೇವೆ. ಟವರಿನ ತಪ್ಪು ಅದರಲ್ಲಿ ಬಹಳ ಕಡಿಮೆ.

ಲೆಕ್ಕ ಹಾಕಿ ನೋಡೋಣ. ಕಂಪ್ಯೂಟರಿಗೆ ಒಂದು ಅಂಕಿ ಎಂದರೆ ಒಂದು ಬೈಟ್, ಐದಂಕಿಯ ಧಾರಣೆಗೆ ಐದೇ ಬೈಟ್. ಕನ್ನಡ ಅಕ್ಷರ ತುಸು ತೂಕದ್ದು. ಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ವ್ಯಂಜನಕ್ಕೆ ಮೂರು, ಕೊಂಬಿಗೆ ಮೂರು, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಗೂ ಮೂರು ಬೈಟ್. ಹೀಗೆ ‘ಗುಬ್ಬಿ’ಗೆ 18 ಬೈಟ್ ಬೇಕು. ನೀವು ಓದುತ್ತಿರುವ ಈ ಇಡೀ ಲೇಖನ ಸುಮಾರು 20 ಕಿಲೋಬೈಟ್ ಆದೀತು. ಸಿಗ್ನಲ್ ಅಷ್ಟಕ್ಕಷ್ಟೇ ಇದ್ದು ಸೆಕೆಂಡಿಗೆ ಅರ್ಧ ಎಂಬಿ ಬರುತ್ತಿದ್ದರೂ ಇದು ಸೆಕೆಂಡಿನ 25ನೇ ಒಂದು ಭಾಗದಲ್ಲಿ ಬಂದು ಬೀಳಬೇಕು.

ಆದರೆ ಇಂದಿನ ಸಾಮಾನ್ಯ ಜಾಲಪುಟದ ತೂಕ ಎರಡು ಎಂಬಿ ದಾಟಿದೆ. ಪುಟಗಳನ್ನು ನಿಯಮಿತವಾಗಿ ತೂಗುವ ಎಚ್‌ಟಿಟಿಪಿ ಆರ್ಕೈವ್ ಎಂಬ ಯೋಜನೆಯ ಪ್ರಕಾರ 2010ರ ಕೊನೆಯಲ್ಲಿ ಅದು ಅರ್ಧ ಎಂಬಿಗೂ ಕಡಿಮೆಯಿತ್ತು. ಹೆಚ್ಚಿದ ತೂಕದಲ್ಲಿ ಚಿತ್ರಗಳ ಪಾಲು ದೊಡ್ಡದು, ಅದರ ಹಿಂದೆಯೇ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಸಂಕೇತ. ಚಿತ್ರವನ್ನು ಕ್ಷಮಿಸಬಹುದು, ಬಂದರೆ ಬಿಡಿಸಿ ತೋರಿಸಿದರೆ ಮುಗಿಯಿತು. ಜಾವಾಸ್ಕ್ರಿಪ್ಟ್ ಹಾಗಲ್ಲ. ಫೋನು ಅದನ್ನು ಓದಬೇಕು, ಯಂತ್ರಭಾಷೆಗೆ ತಿರುಗಿಸಬೇಕು, ಓಡಿಸಬೇಕು. ಅದು ಓಡುತ್ತಿರುವಷ್ಟು ಹೊತ್ತು ಪುಟ ನಿಮ್ಮ ಬೆರಳಿಗೆ ಉತ್ತರ ಕೊಡುವುದಿಲ್ಲ. ಎಂಟು ಸಾವಿರದ ಫೋನಿಗೂ ಎಂಬತ್ತು ಸಾವಿರದ ಫೋನಿಗೂ ನಿಜವಾದ ಅಂತರ ಕಾಣುವುದು ಇಲ್ಲಿ.

ಆ ಸಂಕೇತ ಏನು ಮಾಡುತ್ತಿರುತ್ತದೆ? ಬಹುಪಾಲು ಜಾಹೀರಾತು ಪುಟಗಳಲ್ಲಿ ಹರಾಜು ನಡೆಸುತ್ತಿರುತ್ತದೆ. ಎಪಿಎಂಸಿಯಲ್ಲಿ ಹರಾಜಾಗುವುದು ಕೊಬ್ಬರಿ, ಇಲ್ಲಿ ನಿಮ್ಮ ಗಮನ. ನೀವು ಪುಟ ಒತ್ತಿದ ಕೂಡಲೇ ಫೋನಿನ ಮಾದರಿ, ಅಂದಾಜು ಊರು, ಓದುತ್ತಿರುವ ವಿಷಯ, ಹಿಂದೆ ನಿಮಗೆ ಅಂಟಿಸಿದ ‘ಕುಕಿ’ ಎಂಬ ಗುರುತು, ಇಷ್ಟೂ ಜಾಹೀರಾತು ವಿನಿಮಯ ಕೇಂದ್ರಕ್ಕೆ ಹೋಗುತ್ತವೆ. ಅಲ್ಲಿ ಕಂಪನಿಗಳ ಕಂಪ್ಯೂಟರುಗಳು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಬಿಡ್ ಕೂಗುತ್ತವೆ. ಗೆದ್ದವರ ಜಾಹೀರಾತು ನಿಮ್ಮ ಪರದೆಗೆ ಬರುತ್ತದೆ. ಪುಟದಲ್ಲಿ ಹೀಗೆ ಐದಾರು ಜಾಗಗಳಿದ್ದರೆ ಮಾತುಕತೆ ಹತ್ತಾರು ಸರ್ವರುಗಳ ಜೊತೆ. ಪ್ರತಿ ಹೊಸ ಸರ್ವರಿಗೂ ಮೊದಲು ವಿಳಾಸ ಹುಡುಕಬೇಕು, ಸಂಪರ್ಕ ಕೋರಬೇಕು, ಗೂಢಲಿಪಿಯ ಕೀಲಿ ಹೊಂದಿಸಿಕೊಳ್ಳಬೇಕು. ಒಂದೊಂದಕ್ಕೂ ಟವರಿನ ಮೂಲಕ ಹೋಗಿಬರುವ ಪ್ರಯಾಣ. ಸಿಗ್ನಲ್ ಸೊರಗಿದ ಕಡೆ ಈ ಓಡಾಟವೇ ದೊಡ್ಡ ವೆಚ್ಚ. ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಇರುವ ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಒಂದು ಸಂಖ್ಯೆ ಓದಲು ಇಷ್ಟು ಕಾಯಬೇಕಾಗಿದೆ!

ಯಾರೂ ಕೂತು ಹೀಗೇ ಆಗಲಿ ಎಂದು ಯೋಜಿಸಿದ್ದಲ್ಲ. ಟಿಮ್ ಬರ್ನರ್ಸ್-ಲೀ ಕಟ್ಟಿದ ವೆಬ್ಬನ್ನು ಜಿನೀವಾದ ಸರ್ನ್ ಸಂಸ್ಥೆ 1993ರ ಏಪ್ರಿಲ್ 30ರಂದು ಎಲ್ಲರಿಗೂ ಮುಕ್ತಗೊಳಿಸಿತು. ಪುಟ ಸಿಗದಿದ್ದರೆ ಬರುವ 404 ಸಂಖ್ಯೆ ನಿಮಗೆ ಗೊತ್ತು. ಅದೇ ಪಟ್ಟಿಯಲ್ಲಿ 402 ಎಂಬುದೊಂದಿದೆ. ‘ಹಣ ಪಾವತಿಸಬೇಕು’ ಎಂದು ಅದರ ಅರ್ಥ. ಮುಂದೆ ಬೇಕಾದೀತು ಎಂದು ಕಾದಿರಿಸಿದ ಅದು ದಶಕಗಳ ಕಾಲ ಹೆಚ್ಚುಕಡಿಮೆ ಖಾಲಿಯಾಗಿಯೇ ಉಳಿಯಿತು. ಓದುಗ ನಾಲ್ಕಾಣೆ ಕೊಡುವ ಸುಲಭ ದಾರಿ ಸಿದ್ಧವಾಗಲಿಲ್ಲ, 1994ರ ಅಕ್ಟೋಬರಿನಲ್ಲಿ ಹಾಟ್‌ವೈರ್ಡ್ ತಾಣದಲ್ಲಿ ಬ್ಯಾನರ್ ಜಾಹೀರಾತು ಬಂತು. ಅದೇ ವರ್ಷ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಕುಕಿಯನ್ನು ರೂಪಿಸಿದರು. ಬಂದವರನ್ನು ತಾಣ ನೆನಪಿಟ್ಟುಕೊಳ್ಳಲಿ ಎಂಬ ಸಣ್ಣ ಅನುಕೂಲಕ್ಕೆ ಮಾಡಿದ ಅದು, ಜನರನ್ನು ತಾಣದಿಂದ ತಾಣಕ್ಕೆ ಹಿಂಬಾಲಿಸುವ ಸಾಧನವಾಯಿತು.

ನಮ್ಮೂರಿನದೇ ಹೋಲಿಕೆ ಕೊಡುವುದಾದರೆ, ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳು ರಂಗಕ್ಕೆ ಬರುತ್ತಿದ್ದವು. ಭಾರ ಅಲ್ಲೂ ಇತ್ತು. ಆದರೆ ಆ ಭಾರ ಟಿಕೆಟ್ ಕೊಂಡು ಕೂತವರ ಕಣ್ಣಿಗಾಗಿ. ನೋಡುಗರಿಗೆ ಬೇಸರವಾದರೆ ಮರುದಿನ ಕುರ್ಚಿ ಖಾಲಿ, ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರಿಗೆ ನಷ್ಟ. ಜಾಲಪುಟದ ಭಾರಕ್ಕೆ ದುಡ್ಡು ಕೊಡುವವರು ಬೇರೆ, ಹೊರುವವರು ಬೇರೆ. ಡೇಟಾ ನಿಮ್ಮದು, ಬ್ಯಾಟರಿ ನಿಮ್ಮದು.

ಅಷ್ಟೂ ಆದ ಮೇಲೆ ಸಂಖ್ಯೆ ಕಂಡಿತು, ಬೆರಳಿಟ್ಟಿರಿ. ಅಷ್ಟರಲ್ಲಿ ಅದು ಕೆಳಗೆ ಜಾರಿ ಬೆರಳಡಿ ಸಾಲದ ಆ್ಯಪ್‌ನ ಜಾಹೀರಾತು ಬಂದಿರುತ್ತದೆ. ಬ್ರೌಸರು ಬಂದದ್ದನ್ನು ಬಂದಂತೆ ಜೋಡಿಸುತ್ತದೆ. ಹರಾಜು ಮುಗಿಸಿ ತಡವಾಗಿ ಬರುವ ಜಾಹೀರಾತಿನ ಉದ್ದಗಲ ಅದಕ್ಕೆ ಮೊದಲೇ ಗೊತ್ತಿಲ್ಲದಿದ್ದರೆ ಉಳಿದುದನ್ನೆಲ್ಲ ತಳ್ಳಿ ಜಾಗ ಮಾಡುತ್ತದೆ. ಈ ಜಾರಾಟಕ್ಕೆ ಗೂಗಲ್ 2020ರಲ್ಲಿ ಒಂದು ಅಳತೆಯನ್ನೇ ಗೊತ್ತುಮಾಡಿತು, 0.1ರೊಳಗಿದ್ದರೆ ಪುಟ ಚೆನ್ನಾಗಿದೆ ಎಂದು. ಜಾಗದ ಅಳತೆಯನ್ನು ಮೊದಲೇ ಬರೆದಿಟ್ಟರೆ ಸಾಕು, ಜಾರುವುದಿಲ್ಲ. ಒಂದೆರಡು ಸಾಲಿನ ಕೆಲಸ. ಮಾಡದೇ ಇರುವುದು ಸೋಮಾರಿತನ ಎಂದು ನಾನು ನಂಬಲಾರೆ.

ಇನ್ನು ಬರಹದ ಪಾಡು. ಧಾರಣೆ ಕೇಳಿದವರಿಗೆ ಮೊದಲು ಕೊಬ್ಬರಿ ಎಂದರೇನು, ಅದರ ಆರೋಗ್ಯ ಲಾಭಗಳೇನು ಎಂಬ ಪುರಾಣ. ಪುಟ ಉದ್ದವಾದಷ್ಟೂ ಜಾಹೀರಾತಿನ ಕಿಂಡಿಗಳು ಹೆಚ್ಚು. ಇಂಥ ಪುಟಕ್ಕೆ ನಮ್ಮನ್ನು ತಂದು ಬಿಡುವುದು ಹುಡುಕು ಯಂತ್ರ. ಜಾಹೀರಾತಿನಿಂದ ಬದುಕುವ ಹುಡುಕು ಯಂತ್ರಗಳು ಬಳಕೆದಾರರಿಗಿಂತ ಜಾಹೀರಾತುದಾರರ ಕಡೆ ವಾಲುತ್ತವೆ ಎಂದು 1998ರಲ್ಲೇ ಸಂಶೋಧನಾ ಪ್ರಬಂಧವೊಂದು ಎಚ್ಚರಿಸಿತ್ತು. ಅದನ್ನು ಬರೆದವರು ಗೂಗಲ್ ಸ್ಥಾಪಕರಾದ ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್!

ಹಿಂದೆಲ್ಲ ಚಿನ್ನವಾಗಿತ್ತು ಎನ್ನಲಾರೆ. ಬರಹ, ನುಡಿ ತಂತ್ರಾಂಶಗಳ ಕಾಲದಲ್ಲಿ ಸರಿಯಾದ ಫಾಂಟ್ ಇಲ್ಲದಿದ್ದರೆ ಕನ್ನಡ ಪುಟ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಇವತ್ತು ಯಾವ ಅಗ್ಗದ ಫೋನಿನಲ್ಲೂ ಕನ್ನಡ ತಾನಾಗಿ ಮೂಡುತ್ತದೆ.

ಸದ್ಯಕ್ಕೆ ಮಾಡಬಹುದಾದದ್ದು ಕೆಲವಿದೆ. ಧಾರಣೆಗೆ ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿ ತಾಣವನ್ನೇ ಬುಕ್‌ಮಾರ್ಕ್ ಮಾಡಿಕೊಳ್ಳಿ. ಫೈರ್‌ಫಾಕ್ಸ್‌ನಂಥ ಬ್ರೌಸರಿನ ಓದುವ ನೋಟ ಬರಹವನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಬದಿಗಿಡುತ್ತದೆ. ಜಾಹೀರಾತು ತಡೆಯುವ ವಿಸ್ತರಣೆಗಳಿವೆ. ಆದರೆ ಒಂದೆರಡು ಸಭ್ಯ ಜಾಹೀರಾತಿನಲ್ಲಿ ಬದುಕುವ ಸಣ್ಣ ಕನ್ನಡ ತಾಣಗಳಿಗೆ ವಿನಾಯಿತಿ ಕೊಡಿ, ಚಂದಾ ಕೇಳಿದರೆ ಕಟ್ಟಿ. ಕಾಣದಷ್ಟು ಚಿಕ್ಕ ಕ್ರಾಸ್ ಗುರುತು, ಸುದ್ದಿಯ ವೇಷದ ಜಾಹೀರಾತು, ‘ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರುವ ಸಾಮಾನು, ಇಂಥ ಕಣ್ಕಟ್ಟುಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನು ಹೆಸರಿಸಿದೆ. ಇಂಥದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ದೂರನ್ನು ಕನ್ನಡದಲ್ಲೇ ಹೇಳಬಹುದು.