ಆಲ್ಕೋಹಾಲ್ ಅಂದರೆ ಯಾವುದು?



ಆಲ್ಕೋಹಾಲ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಹೆಂಡದಂಗಡಿಯ ನೆನಪು ಬರುತ್ತದೆ, ಅಲ್ಲವೇ? ಆದರೆ ಸೂಜಿ ಚುಚ್ಚುವ ಮುಂಚೆ ದಾದಿ ತೋಳಿಗೆ ಸವರುವುದಕ್ಕೂ ಅದೇ ಹೆಸರು. ಪೆಟ್ರೋಲಿಗೆ ಬೆರೆಸುವುದಕ್ಕೂ, ಬಣ್ಣದ ಕೆಲಸದವರು ಬಳಸುವ ಸ್ಪಿರಿಟ್ಟಿಗೂ ಅದೇ ಹೆಸರು. ಹೆಸರು ಒಂದಾದರೂ ಗುಣ ಒಂದಲ್ಲ. ಈ ಭೇದ ತಿಳಿಯದೆ ಪ್ರಾಣ ಕಳೆದುಕೊಂಡವರು ಬಹಳ ಮಂದಿ. ಆದ್ದರಿಂದ ಈ ಹೊತ್ತು ಈ ಮಾತನ್ನು ಕೊಂಚ ಬಿಡಿಸಿ ನೋಡೋಣ.

ಈ ಮಾತು ಬಂದದ್ದು ಅರಬ್ಬೀ ಭಾಷೆಯಿಂದ. ಅಲ್ಲಿ 'ಅಲ್ ಕುಹ್ಲ್' ಎಂದರೆ ಕಣ್ಣಿಗೆ ಹಚ್ಚುವ ನುಣುಪಾದ ಕಪ್ಪು ಪುಡಿ. ನಮ್ಮ ಕಾಡಿಗೆ ಇದ್ದ ಹಾಗೆ. ಯುರೋಪಿನವರು ಈ ಮಾತನ್ನು ಎರವಲು ಪಡೆದು, ಮೊದಲು ಎಲ್ಲ ನುಣುಪಾದ ಪುಡಿಗೂ, ಆಮೇಲೆ ಯಾವುದೇ ಪದಾರ್ಥದ ಸಾರಕ್ಕೂ ಬಳಸಿದರು. ೧೬ನೇ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯನು ದ್ರಾಕ್ಷಾರಸದ ಮದ್ಯದಿಂದ ತೆಗೆದ ಸಾರಕ್ಕೆ ಇದೇ ಹೆಸರು ಹೇಳಿದ. ಕನ್ನಡದಲ್ಲಿ ನಾವು ಮದ್ಯಸಾರ ಎನ್ನುತ್ತೇವೆ.

ರಸಾಯನಶಾಸ್ತ್ರ ತಿಳಿದವರಿಗೆ ಇದು ಒಂದು ಪದಾರ್ಥವಲ್ಲ, ಒಂದು ದೊಡ್ಡ ಕುಟುಂಬ. ಗ್ಲಿಸರಿನ್ ಆ ಕುಟುಂಬದ್ದೇ. ಬೆಳೆ ಚೆನ್ನಾಗಿ ಬರಲೆಂದು ಸಿಂಪಡಿಸುವ ಟ್ರೈಯಾಕೊಂಟನಾಲ್ ಕೂಡ ಅದರ ಕುಡಿಯೇ. ಆದರೆ ನಾವು ಮುಖ್ಯವಾಗಿ ತಿಳಿಯಬೇಕಾದವು ಎರಡು: ಈಥೈಲ್ ಮದ್ಯಸಾರ ಮತ್ತು ಮೀಥೈಲ್ ಮದ್ಯಸಾರ.

ಈಥೈಲ್ ಮದ್ಯಸಾರ ನಮ್ಮ ಬೆಳೆಯಿಂದಲೇ ಬರುತ್ತದೆ. ಈಚಲ ಮರದ ಸಿಹಿ ನೀರಾ ಬಿಸಿಲೇರಿದಂತೆ ನೊರೆಗಟ್ಟಿ ಹೆಂಡವಾಗುವುದನ್ನು ಕಂಡಿದ್ದೀರಿ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಕಾರ್ಖಾನೆಯಲ್ಲೂ ನಡೆಯುವುದು ಇದೇ. ಒಂದು ಟನ್ ಕಬ್ಬು ಅರೆದರೆ ಸುಮಾರು ೪೦ರಿಂದ ೫೦ ಕಿಲೋ ಕಾಕಂಬಿ ಉಳಿಯುತ್ತದೆ. ಅದನ್ನು ಹುದುಗಿಸಿ ಬಟ್ಟಿಯಿಳಿಸಿದರೆ ಸುಮಾರು ೧೦ ಲೀಟರ್ ಮದ್ಯಸಾರ ಸಿಗುತ್ತದೆ. ಔಷಧ, ಅತ್ತರು, ಪೆಟ್ರೋಲಿನ ಬೆರಕೆ, ಇವೆಲ್ಲಕ್ಕೂ ಅದು ಬೇಕು. ನೂರಕ್ಕೆ ೭೦ ಪಾಲು ಮದ್ಯಸಾರ, ಉಳಿದದ್ದು ನೀರು ಇದ್ದರೆ ಕ್ರಿಮಿಗಳನ್ನು ಚೆನ್ನಾಗಿ ಕೊಲ್ಲುತ್ತದೆ. ತಾಯಂದಿರೇ, ಅದನ್ನು ಕೈಗೆ ಸವರಿಕೊಂಡು ಆರುವ ಮುಂಚೆ ಒಲೆಯ ಹತ್ತಿರ ಹೋಗಬೇಡಿ. ಥಟ್ಟನೆ ಬೆಂಕಿ ಹತ್ತೀತು.

ಇನ್ನು ಮೀಥೈಲ್ ಮದ್ಯಸಾರ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇದಕ್ಕೇ ಸರಿ. ನೋಡಲಿಕ್ಕೆ ನೀರಿನಂತೆ ತಿಳಿ; ವಾಸನೆಯಿಂದಲೂ ಗುರುತು ಹಿಡಿಯಲಾಗದು. ಬಣ್ಣ, ಮೆರುಗೆಣ್ಣೆ ಮುಂತಾದ ಕೈಗಾರಿಕೆಗೆ ಇದು ಬೇಕಾದದ್ದು; ಹೊಟ್ಟೆಗೆ ಮಾತ್ರ ಘೋರ ವಿಷ. ಮೈಯೊಳಗೆ ಹೋದ ಮೇಲೆ ಇದು ಫಾರ್ಮಿಕ್ ಆಮ್ಲವಾಗುತ್ತದೆ. ಕೆಲವು ಇರುವೆಗಳ ವಿಷದಲ್ಲಿರುವ ಆಮ್ಲವೇ ಅದು. ಅದು ಕಣ್ಣಿನ ನರವನ್ನು ಕೆಡಿಸುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. ೧೯೮೧ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಬೆರೆತ ಕಳ್ಳಭಟ್ಟಿ ಕುಡಿದು ೩೦೦ಕ್ಕೂ ಹೆಚ್ಚು ಜನ ಸತ್ತರು. ೨೦೦೭ರ ಜುಲೈ ೧ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಆದರೂ ೨೦೦೮ರಲ್ಲಿ ಕಳ್ಳಭಟ್ಟಿ ಮತ್ತೆ ನೂರಾರು ಮನೆಗಳ ದೀಪ ಆರಿಸಿತು.

ಒಂದು ಮಾತು ಮನಸ್ಸಿನಲ್ಲಿಡಿ. ಈ ವಿಷದ ಲಕ್ಷಣ ಕೂಡಲೇ ಕಾಣದೆ ೧೨ರಿಂದ ೨೪ ಗಂಟೆ ತಡವಾಗಬಹುದು. "ಅಮಲು ಇಳಿಯಲಿ ಬಿಡು, ಮಲಗಲಿ" ಎಂದು ಮನೆಯವರು ಸುಮ್ಮನಿರುವುದು ಆಗಲೇ. ತಲೆನೋವು, ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಮಾಡುತ್ತಾ ಕೂಡಬೇಡಿ. ನೇರವಾಗಿ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಕುಡಿದ ಸೀಸೆ ಇದ್ದರೆ ಜೊತೆಗೇ ಒಯ್ಯಿರಿ. ಅದೇ ಸೀಸೆಯಿಂದ ಕುಡಿದ ಉಳಿದವರು ಚೆನ್ನಾಗಿಯೇ ಕಂಡರೂ ಅವರನ್ನೂ ಕರೆದೊಯ್ಯಿರಿ. ಬೇಗ ಹೋದರೆ ವೈದ್ಯರ ಹತ್ತಿರ ಇದಕ್ಕೆ ಚಿಕಿತ್ಸೆ ಉಂಟು.

ಈಥೈಲ್ ಆದರೂ ಕುಡಿತದಿಂದ ಸಂಸಾರ ಕೆಡುವುದು ನಿಮಗೆ ಗೊತ್ತಿದ್ದದ್ದೇ. ಅದಿರಲಿ, ಸ್ಪಿರಿಟ್ಟಿನ ಸೀಸೆಯ ಮೇಲೆ ಚೀಟಿ ಅಂಟಿಸಿ, ಮಕ್ಕಳ ಕೈಗೆಟುಕದ ಕಡೆ ಇಡಿ. ಆಲ್ಕೋಹಾಲ್ ಎಂದು ಯಾರಾದರೂ ಹೇಳಿದರೆ, "ಯಾವ ಆಲ್ಕೋಹಾಲ್ ಅಪ್ಪಾ?" ಎಂದು ಕೇಳುವ ರೂಢಿ ಇರಲಿ.