ಟೀ ಹೊತ್ತಿನ ಮಾತು, ಅಪ್ರೈಸಲ್ ಫಾರ್ಮಿನ ಮಾತು

ಸಾಫ್ಟ್‌ವೇರ್ ಟೀಮಿನಲ್ಲಿ ಕೆಲಸದ ಬಗ್ಗೆ ಅಭಿಪ್ರಾಯ ಎರಡು ದಾರಿಯಲ್ಲಿ ಬರುತ್ತದೆ. ಟೀ ಕುಡಿಯುವಾಗಲೋ ಚಾಟ್‌ನಲ್ಲೋ ಪಕ್ಕದ ಸೀಟಿನವರು ಹೇಳುವುದು ಒಂದು. ಕೋಡ್ ರಿವ್ಯೂ, ಅಪ್ರೈಸಲ್ ಎಂದು ದಾಖಲೆಗೆ ಸೇರುವುದು ಇನ್ನೊಂದು. ಇವೆರಡರ ಬಗ್ಗೆ ಬೇರುಬಿಟ್ಟಿರುವ ಕೆಲವು ನಂಬಿಕೆಗಳನ್ನು ಕೆದಕಿ ನೋಡಬೇಕಾಗಿದೆ.

ತಪ್ಪು ಕಲ್ಪನೆ: ಮೀಟಿಂಗ್ ಕರೆದು ಶಾಸ್ತ್ರೋಕ್ತವಾಗಿ ನೋಡಿದರಷ್ಟೇ ಬಗ್ ಸಿಗುತ್ತದೆ.

ಸತ್ಯ: ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಕೋಡ್ ತಪಾಸಣೆಗೆ ಕಟ್ಟುನಿಟ್ಟಾದ ಕ್ರಮವೊಂದನ್ನು ಪ್ರಕಟಿಸಿದರು. ನಡೆಸಿಕೊಡಲು ಒಬ್ಬ ಮಾಡರೇಟರ್, ಉಳಿದವರಿಗೂ ಒಂದೊಂದು ಪಾತ್ರ, ಮೊದಲೇ ಓದಿಕೊಂಡು ಬರುವುದು, ಆಮೇಲೆ ಸಭೆ, ಕೊನೆಗೆ ತಿದ್ದುಪಡಿ. ಟೆಸ್ಟಿಂಗ್‌ಗೆ ಮುನ್ನವೇ ದೋಷಗಳು ಸಿಗತೊಡಗಿದ್ದರಿಂದ ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ. ಆದರೆ 1993ರಲ್ಲಿ ಬೆಲ್ ಲ್ಯಾಬ್ಸ್‌ನ ಲಾರೆನ್ಸ್ ವೋಟಾ ಲೆಕ್ಕ ತೆಗೆದಾಗ, ಬಹುಪಾಲು ದೋಷಗಳು ಸಭೆಗೆ ಮುನ್ನ ಒಬ್ಬೊಬ್ಬರೇ ಕೂತು ಓದುವಾಗಲೇ ಸಿಕ್ಕಿದ್ದವು. ಸಭೆಯಲ್ಲಿ ಹೊಸದಾಗಿ ಕಂಡದ್ದು ತೀರಾ ಕಡಿಮೆ. ಫೇಗನ್ ಕ್ರಮದ ಜೀವಾಳ ಆ ಗಮನವಿಟ್ಟ ಓದಿನಲ್ಲಿತ್ತು. 2018ರಲ್ಲಿ ಹೊರಬಂದ ಗೂಗಲ್‌ನ ಅಧ್ಯಯನದ ಪ್ರಕಾರ ಅಲ್ಲಿ ಹೆಚ್ಚಿನ ಬದಲಾವಣೆಗಳನ್ನು ಒಬ್ಬರೇ ರಿವ್ಯೂ ಮಾಡುತ್ತಾರೆ, ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಗಂಟೆಯೊಳಗೆ ಮುಗಿಯುತ್ತವೆ.

ತಪ್ಪು ಕಲ್ಪನೆ: ಕೋಡ್ ರಿವ್ಯೂ ಇರುವುದು ತಪ್ಪು ಹುಡುಕಲಿಕ್ಕೆ.

ಸತ್ಯ: ಮೈಕ್ರೋಸಾಫ್ಟ್‌ನ ಟೀಮುಗಳನ್ನು ಕುರಿತ 2013ರ ಅಧ್ಯಯನದಲ್ಲಿ ಅಲ್ಲಿನವರ ಮುಖ್ಯ ನಿರೀಕ್ಷೆಯೂ ಅದೇ ಆಗಿತ್ತು. ನಿಜವಾಗಿ ಬಗ್‌ಗಳ ಬಗೆಗಿನ ಕಾಮೆಂಟ್‌ಗಳು ಅವರೆಣಿಸಿದ್ದಕ್ಕಿಂತ ಕಡಿಮೆಯಿದ್ದವು. ಕೋಡ್ ಸ್ವಚ್ಛವಾಗುವುದು, ಒಬ್ಬರ ತಿಳಿವಳಿಕೆ ಇನ್ನೊಬ್ಬರಿಗೆ ದಾಟುವುದು, ಬೇರೆ ಪರಿಹಾರ ಹೊಳೆಯುವುದು, ಇವೇ ದೊಡ್ಡ ಫಲಗಳಾಗಿದ್ದವು. ಹೊಸದಾಗಿ ಸೇರಿದವರಿಗೆ ‘ಯಾಕೆ’ ಎಂದು ಬಿಡಿಸಿ ಬರೆದ ಒಂದು ಕಾಮೆಂಟ್ ಟ್ರೇನಿಂಗ್‌ಗಿಂತ ಉಪಯುಕ್ತ ಎಂದೇ ನನ್ನ ನಂಬಿಕೆ.

ತಪ್ಪು ಕಲ್ಪನೆ: ಫೀಡ್‌ಬ್ಯಾಕ್ ಕೊಟ್ಟಷ್ಟೂ ಒಳ್ಳೆಯದು.

ಸತ್ಯ: ಮನೋವಿಜ್ಞಾನಿಗಳಾದ ಕ್ಲೂಗರ್ ಮತ್ತು ಡಿನಿಸಿ 1996ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಫೀಡ್‌ಬ್ಯಾಕ್‌ನಿಂದ ಕೆಲಸದ ಮಟ್ಟ ಇಳಿದಿತ್ತು. ಗಮನ ಕೆಲಸವನ್ನು ಬಿಟ್ಟು ವ್ಯಕ್ತಿಯ ಮೇಲೆ ಹರಿದಷ್ಟೂ ಪರಿಣಾಮ ಕುಗ್ಗುತ್ತದೆ ಎಂಬುದು ಅವರ ವಿವರಣೆ. “ಈ ಲೂಪ್ ಒಳಗೆ ಡೇಟಾಬೇಸ್ ಕ್ವೆರಿ ಇದೆ, ಹೊರಗೆ ತೆಗೀರಿ” ಅಂದರೆ ಕೋಡ್ ಸರಿಹೋಗುತ್ತದೆ. “ಇಷ್ಟೂ ಗೊತ್ತಿಲ್ವಾ ನಿಮಗೆ?” ಅಂದರೆ ಮುಂದಿನ ಸಲ ಆ ಮನುಷ್ಯ ಕೇಳುವುದನ್ನೇ ನಿಲ್ಲಿಸುತ್ತಾನೆ. ಲಿನಕ್ಸ್‌ನ ಲಿನಸ್ ಟೋರ್ವಾಲ್ಡ್ಸ್ ತಮ್ಮ ಕಟುವಾದ ಮೇಲ್‌ಗಳಿಗಾಗಿ 2018ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿ ಕೆಲಕಾಲ ಬಿಡುವು ಪಡೆದರು.

ತಪ್ಪು ಕಲ್ಪನೆ: ದಿನಾ ಮಾತಾಡುವ ಟೀಮಿಗೆ ಅಪ್ರೈಸಲ್ ಬೇಕಿಲ್ಲ.

ಸತ್ಯ: ಅಡೋಬಿ ಕಂಪನಿ 2012ರಲ್ಲಿ ವಾರ್ಷಿಕ ರೇಟಿಂಗ್ ಕೈಬಿಟ್ಟದ್ದನ್ನು ಇದಕ್ಕೆ ಸಾಕ್ಷಿ ಹೇಳುತ್ತಾರೆ. ಆದರೆ ಅದರ ಜಾಗದಲ್ಲಿ ವರ್ಷವಿಡೀ ನಡೆಯಬೇಕಾದ ಮಾತುಕತೆಗಳನ್ನು ಅವರು ತಂದರು, ಜಾಗ ಖಾಲಿ ಬಿಡಲಿಲ್ಲ. ಟೀ ಹೊತ್ತಿನ ಮಾತು ಮ್ಯಾನೇಜರ್ ಜತೆ ಟೀಗೆ ಹೋಗುವವರಿಗೆ ಮಾತ್ರ ಸಿಗುತ್ತದೆ. ಮನೆಯಿಂದ ಕೆಲಸ ಮಾಡುವವರು, ಸಂಜೆ ಮಗುವನ್ನು ಕರೆತರಲು ಬೇಗ ಹೊರಡುವ ತಾಯಂದಿರು, ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಯುವ ಫ್ರೆಷರ್‌ಗಳು ಆ ವಲಯದ ಹೊರಗೇ ಉಳಿಯುತ್ತಾರೆ. ಪ್ರಮೋಷನ್ ಸಮಯದಲ್ಲಿ ಬಾಯಿಮಾತಿನ ಶಹಬ್ಬಾಸ್‌ಗಿರಿ ಲೆಕ್ಕಕ್ಕೆ ಬರುವುದಿಲ್ಲ. ಆಗ ಅವರನ್ನು ಕಾಯುವುದು ಬರವಣಿಗೆಯಲ್ಲಿರುವ ದಾಖಲೆ.

ಹಾಗಾಗಿ ಮ್ಯಾನೇಜರ್‌ಗಳೇ, ಅಪ್ರೈಸಲ್ ದಿನ ಯಾರೂ ತಮ್ಮ ತಪ್ಪನ್ನು ಮೊದಲ ಬಾರಿ ಕೇಳುವಂತಾಗದಿರಲಿ. ಆಯಾ ವಾರವೇ ಹೇಳಿ. ಎಂಜಿನಿಯರ್‌ಗಳೇ, ಯಾರಾದರೂ ನಿಮ್ಮ ಕೆಲಸ ಮೆಚ್ಚಿದರೆ ಸಂಕೋಚ ಬಿಟ್ಟು “ದಯವಿಟ್ಟು ಎರಡು ಸಾಲು ಮೇಲ್ ಮಾಡಿ” ಎಂದು ಕೇಳಿ.